ತಾರಸಿಯ ಟೊಮೆಟೊ ಗಿಡಕ್ಕೆ ಏನಾಗಿದೆ? ಮೊದಲ ಸಲ ಬೆಳೆಯುವವರಿಗೆ ದೋಷ ಹುಡುಕುವ ಕೈಪಿಡಿ

ಗಿಡ ಬಾಡಿದ್ದು ಕಂಡ ಕೂಡಲೇ ಔಷಧಿ ಬಾಟಲಿಗೆ ಕೈ ಹಾಕಬೇಡಿ. ಮೊದಲು ತೋರುಬೆರಳನ್ನು ಮಣ್ಣಿಗೆ ಎರಡು ಗೆಣ್ಣಿನಷ್ಟು ಇಳಿಸಿ. ಒಳಗೆ ಒದ್ದೆ ಇದೆಯಾ, ಒಣಗಿದೆಯಾ ನೋಡಿ. ಆಮೇಲೆ ಒಂದು ಎಲೆ ಮಗುಚಿ ಅದರ ಹಿಂಭಾಗ ನೋಡಿ. ಬೆಂಗಳೂರಿನ ತಾರಸಿಗಳಲ್ಲಿ ನಾನು ಕಂಡ ಹೆಚ್ಚಿನ ತೊಂದರೆಗಳು ಈ ಎರಡು ಕೆಲಸದಲ್ಲೇ ಗೊತ್ತಾಗಿವೆ. ಎರಡಕ್ಕೂ ಒಂದು ಪೈಸೆ ಖರ್ಚಿಲ್ಲ.

ಮೊದಲ ಸಲ ಟೊಮೆಟೊ ಹಾಕಿದವರು ನನ್ನ ಹತ್ತಿರ ಫೋಟೋ ತೋರಿಸಿ ಕೇಳುವ ಪ್ರಶ್ನೆ ಒಂದೇ: "ಇದಕ್ಕೆ ಏನು ಹೊಡೀಬೇಕು?" ನಾನು ತಿರುಗಿ ಕೇಳುವುದೂ ಒಂದೇ: "ನೀರು ಹೇಗೆ ಹಾಕ್ತೀರಿ?" ಕುಂಡದಲ್ಲಿ ಬೆಳೆದ ಗಿಡದ ಬೇರಿಗೆ ಬೇರೆಲ್ಲೂ ಹೋಗಲು ದಾರಿಯಿಲ್ಲ. ನೀವು ಕೊಟ್ಟ ನೀರು, ನೀವು ತುಂಬಿದ ಮಣ್ಣು, ಅಷ್ಟೇ ಅದರ ಪ್ರಪಂಚ. ಅದಕ್ಕೇ ಅಲ್ಲಿಂದ ಶುರು ಮಾಡಬೇಕು.

## ಮೊದಲು ನಾಲ್ಕು ಪ್ರಶ್ನೆ

ಲಕ್ಷಣ ಯಾವುದೇ ಇರಲಿ, ಇವಕ್ಕೆ ಉತ್ತರ ಕಂಡುಕೊಂಡು ಮುಂದೆ ಓದಿ.

ಕುಂಡ ಎಷ್ಟು ದೊಡ್ಡದು? ಒಂದು ಟೊಮೆಟೊ ಗಿಡಕ್ಕೆ ಕನಿಷ್ಠ 15ರಿಂದ 20 ಲೀಟರ್ ಮಣ್ಣು ಬೇಕು. ಚೆನ್ನಾಗಿ ತೊಳೆದ 20 ಲೀಟರಿನ ಬಕೆಟ್ ಅಥವಾ 15 ಇಂಚಿನ ಗ್ರೋ ಬ್ಯಾಗ್ ಸಾಕು. ಒಂದು ಬಕೆಟಿಗೆ ಒಂದೇ ಗಿಡ. ನರ್ಸರಿಯ 8 ಇಂಚಿನ ಪಾಟಿನಲ್ಲೇ ಬಿಟ್ಟಿದ್ದರೆ, ಕೆಳಗೆ ಬರೆದ ಅರ್ಧ ತೊಂದರೆಗಳಿಗೆ ಅದೇ ಕಾರಣ.

ನೀರು ಇಳಿಯುತ್ತಿದೆಯಾ? ಒಂದು ಚೊಂಬು ನೀರು ಹಾಕಿ ನಿಂತು ನೋಡಿ. ಒಂದೆರಡು ನಿಮಿಷವಾದರೂ ಮೇಲೆ ನಿಂತೇ ಇದ್ದರೆ ತಳದ ತೂತು ಕಟ್ಟಿದೆ, ಇಲ್ಲವೇ ಮಣ್ಣು ಗಟ್ಟಿಯಾಗಿದೆ. ನಮ್ಮ ಕೆಂಪು ಮಣ್ಣನ್ನು ಹಾಗೇ ಕುಂಡಕ್ಕೆ ತುಂಬಿದರೆ ಎರಡು ತಿಂಗಳಲ್ಲಿ ಇಟ್ಟಿಗೆಯಂತಾಗುತ್ತದೆ. ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಹುಡಿ), ಎರೆಹುಳು ಗೊಬ್ಬರ ಸಮ ಪ್ರಮಾಣದಲ್ಲಿ ಹಾಕಿ, ಒಂದೆರಡು ಹಿಡಿ ಬೇವಿನ ಹಿಂಡಿ ಸೇರಿಸಿದರೆ ಮಿಶ್ರಣ ಹಗುರವಾಗಿರುತ್ತದೆ.

ಬಿಸಿಲು ಎಷ್ಟು ಹೊತ್ತು ಬೀಳುತ್ತದೆ? ದಿನಕ್ಕೆ 6 ಗಂಟೆ ಬೇಕು. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ. ನಿಮ್ಮ ಮನೆಯ ದಕ್ಷಿಣಕ್ಕೆ ಎತ್ತರದ ಕಟ್ಟಡ ಇದ್ದರೆ, ಮೇ ತಿಂಗಳಲ್ಲಿ ಬಿಸಿಲಿದ್ದ ಜಾಗ ಆಗ ಪೂರ್ತಿ ನೆರಳಾಗಿರಬಹುದು. ಒಂದು ಭಾನುವಾರ ಬೆಳಿಗ್ಗೆ 8, ಮಧ್ಯಾಹ್ನ 12, ಸಂಜೆ 4ಕ್ಕೆ ಮೇಲೆ ಹೋಗಿ ನೋಡಿ ಬನ್ನಿ.

ಯಾವ ನೀರು? ಕಾವೇರಿಯಾ, ಬೋರ್‌ವೆಲ್ಲಾ, ಟ್ಯಾಂಕರಾ? ಕುಂಡದ ಅಂಚಿನಲ್ಲಿ ಬಿಳಿ ಉಪ್ಪಿನ ಪದರ ಕಟ್ಟಿದ್ದರೆ ನೆನಪಿಟ್ಟುಕೊಳ್ಳಿ. ಹಳದಿ ಎಲೆಯ ಮಾತು ಬಂದಾಗ ಅದು ಬೇಕಾಗುತ್ತದೆ.

ಇನ್ನೂ ಬೀಜ ಹಾಕಿಲ್ಲ ಅನ್ನುವವರಿಗೆ ಒಂದು ಮಾತು. ಮೊದಲ ಸಲ ಆದರೆ ಸೆಪ್ಟೆಂಬರ್ ಕೊನೆಗೆ ಬೀಜ ಹಾಕಿ, ಅಕ್ಟೋಬರ್ ಕೊನೆಗೆ ನಾಟಿ ಮಾಡಿ. ಜೋರು ಮಳೆ ಮುಗಿಯುತ್ತಾ ಬಂದಿರುತ್ತದೆ, ಚಳಿ ಹಿತವಾಗಿರುತ್ತದೆ, ಸಂಕ್ರಾಂತಿ ಹೊತ್ತಿಗೆ ಹಣ್ಣು ಕೀಳಬಹುದು. ಫೆಬ್ರವರಿಯಲ್ಲಿ ನಾಟಿ ಮಾಡಿದರೆ ಬಿಸಿಲು, ಬಿಳಿ ನೊಣ ಎರಡನ್ನೂ ಒಟ್ಟಿಗೆ ಎದುರಿಸಬೇಕು.

## ಗಿಡ ಜೋತುಬಿದ್ದಿದೆ

ಮೊದಲು ಗಂಟೆ ನೋಡಿ. ಮಧ್ಯಾಹ್ನ 2ಕ್ಕೆ ಜೋತುಬಿದ್ದು, ಸಂಜೆ 6ಕ್ಕೆ ತಾನೇ ಎದ್ದು ನಿಂತರೆ ಅದು ರೋಗ ಅಲ್ಲ. ಕಾದ ಕಾಂಕ್ರೀಟಿನ ಮೇಲೆ ನಿಂತ ಗಿಡ ಬೇರು ಎಳೆಯುವುದಕ್ಕಿಂತ ಬೇಗ ನೀರು ಕಳೆದುಕೊಳ್ಳುತ್ತದೆ. ಕುಂಡವನ್ನು ಎರಡು ಇಟ್ಟಿಗೆ ಮೇಲೆ ಎತ್ತಿ ಇಡಿ, ಮಣ್ಣಿನ ಮೇಲೆ ಎರಡು ಇಂಚು ತರಗೆಲೆ ಹಾಸಿ. ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನ ಹಸಿರು ಬಲೆಯ ನೆರಳು ಕೊಡಿ. ಇಷ್ಟೇ ಸಾಕು.

ಬೆಳಿಗ್ಗೆ 7ಕ್ಕೂ ಜೋತುಬಿದ್ದೇ ಇದ್ದರೆ ಬೆರಳು ಇಳಿಸಿ ನೋಡಿ. ಮಣ್ಣು ಒಣಗಿದ್ದರೆ ನೀರು ಬೇಕು. ಕೋಕೋಪೀಟ್ ಪೂರ್ತಿ ಒಣಗಿ ಕುಂಡದ ಗೋಡೆ ಬಿಟ್ಟಿದ್ದರೆ, ಹಾಕಿದ ನೀರು ಪಕ್ಕದ ಸಂದಿಯಲ್ಲೇ ಇಳಿದುಹೋಗುತ್ತದೆ, ಬೇರಿಗೆ ಸಿಗುವುದಿಲ್ಲ. ಆಗ ಸ್ವಲ್ಪ ಸ್ವಲ್ಪವಾಗಿ, ಹತ್ತು ನಿಮಿಷ ಬಿಟ್ಟು ಬಿಟ್ಟು, ಮೂರು ನಾಲ್ಕು ಸಲ ಹಾಕಿ.

ಮಣ್ಣು ಒದ್ದೆಯಿದ್ದೂ ಗಿಡ ಬಾಡಿದ್ದರೆ ನೀರು ಹಾಕುವುದನ್ನು ತಕ್ಷಣ ನಿಲ್ಲಿಸಿ. ಇಲ್ಲೇ ಹೆಚ್ಚಿನವರು ತಪ್ಪುವುದು. ನಮ್ಮ ಎದುರು ಮನೆಯ ಅಕ್ಕ ಒಂದು ಸಲ ಬಂದು, "ದಿನಾ ಎರಡು ಹೊತ್ತು ನೀರು ಹಾಕ್ತೀನಿ ಕಣ್ರೀ, ಆದ್ರೂ ಬಾಡ್ತಾನೇ ಇದೆ" ಅಂದರು. ಹೋಗಿ ಗಿಡವನ್ನು ಮಣ್ಣಿನ ಸಮೇತ ಕುಂಡದಿಂದ ಜಾರಿಸಿ ತೆಗೆದೆವು. ಮೇಲಿನ ನಾಲ್ಕು ಇಂಚಿನಲ್ಲಿ ಬೇರು ಬೆಳ್ಳಗಿತ್ತು. ಕೆಳಗೆಲ್ಲಾ ಕಂದು ಬಣ್ಣ. ಎರಡು ಬೆರಳಲ್ಲಿ ಹಿಡಿದು ಎಳೆದರೆ ಬೇರಿನ ಸಿಪ್ಪೆ ಸುಲಿದು ಬಂತು, ಒಳಗಿನ ದಾರದಂಥ ಎಳೆ ಮಾತ್ರ ಉಳಿಯಿತು. ಮೋರಿ ನೀರಿನ ವಾಸನೆ. ತಳದ ಎರಡು ತೂತಿಗೂ ಪ್ಲಾಸ್ಟಿಕ್ ಚೀಲದ ಚೂರು ಅಂಟಿಕೊಂಡಿತ್ತು. ಆ ಚೂರು ತೆಗೆದೆವು, ಇನ್ನೂ ನಾಲ್ಕು ತೂತು ಕೊರೆದೆವು, ಕೊಳೆತ ಬೇರು ಕತ್ತರಿಸಿ ಹೊಸ ಮಿಶ್ರಣದಲ್ಲಿ ನೆಟ್ಟು ನಾಲ್ಕು ದಿನ ನೆರಳಲ್ಲಿ ಇಟ್ಟೆವು. ಗಿಡ ಉಳಿಯಿತು. ಬೇರು ಉಸಿರಾಡಬೇಕು. ನೀರು ತುಂಬಿದ ಮಣ್ಣಿನಲ್ಲಿ ಗಾಳಿ ಇರುವುದಿಲ್ಲ, ಬೇರು ಸತ್ತರೆ ಸುತ್ತ ಎಷ್ಟು ನೀರಿದ್ದರೂ ಗಿಡಕ್ಕೆ ಬಾಯಾರಿಕೆಯೇ.

ಬೇರು ತೆಗೆದಾಗ ಅದರಲ್ಲಿ ಸಾಸಿವೆ, ಕಡಲೆ ಗಾತ್ರದ ಗಂಟುಗಳು ಕಂಡರೆ ಅದು ಮಣ್ಣಿನಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳದ ಕೆಲಸ. ಔಷಧಿಯಿಂದ ಆ ಗಿಡ ಸರಿಹೋಗುತ್ತದೆ ಅಂತ ಕಾಯಬೇಡಿ. ಗಿಡ ತೆಗೆದುಹಾಕಿ. ಮಣ್ಣನ್ನು ಮೇ ತಿಂಗಳ ಬಿಸಿಲಿನಲ್ಲಿ, ಒದ್ದೆ ಮಾಡಿ ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಿ, ನಾಲ್ಕರಿಂದ ಆರು ವಾರ ಕಾಯಿಸಿ. ಮುಂದಿನ ಸಲ ಅದರಲ್ಲಿ ಚೆಂಡು ಹೂ ಹಾಕಿ.

ಗಾಜಿನ ಲೋಟದ ಪರೀಕ್ಷೆ. ನೀರು ಸರಿ, ಬೇರು ಸರಿ, ಎಲೆಯೂ ಹಸಿರು, ಆದರೆ ಎರಡು ಮೂರು ದಿನದಲ್ಲಿ ಇಡೀ ಗಿಡ ದಿಢೀರನೆ ಜೋತುಬಿತ್ತು ಅಂದರೆ ದುಂಡಾಣು ಸೊರಗು ರೋಗದ ಅನುಮಾನ ಪಡಬೇಕು. ಬುಡದ ಹತ್ತಿರ ಕಾಂಡ ಕತ್ತರಿಸಿ ಮೂರು ಇಂಚಿನ ತುಂಡು ತೆಗೆದುಕೊಳ್ಳಿ. ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ. ಸ್ಟೀಲ್ ಲೋಟ ಆಗಲ್ಲ, ಒಳಗೆ ಕಾಣಬೇಕು. ಕತ್ತರಿಸಿದ ತುದಿ ಮಾತ್ರ ನೀರಲ್ಲಿ ಮುಳುಗುವ ಹಾಗೆ ಅಲ್ಲಾಡಿಸದೆ ಹಿಡಿಯಿರಿ. ಹಿಂದೆ ಒಂದು ಕಪ್ಪು ಬಟ್ಟೆ ಇಟ್ಟರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಕೆಲವೇ ನಿಮಿಷದಲ್ಲಿ ಕಾಂಡದ ತುದಿಯಿಂದ ಹಾಲಿನ ಎಳೆಯಂಥ ಬಿಳಿ ದಾರ ನೀರಿನೊಳಗೆ ನಿಧಾನಕ್ಕೆ ಇಳಿದರೆ, ಅದು ಕಾಂಡದ ನಾಳಗಳಲ್ಲಿ ತುಂಬಿಕೊಂಡ ಬ್ಯಾಕ್ಟೀರಿಯಾ. ನೀರು ಮೇಲೆ ಹೋಗುವ ದಾರಿಯನ್ನೇ ಅದು ಕಟ್ಟಿದೆ.

ಇದಕ್ಕೆ ಮದ್ದಿಲ್ಲ. ಗಿಡವನ್ನು ಬೇರು ಸಮೇತ ಚೀಲದಲ್ಲಿ ಕಟ್ಟಿ ಹೊರಗೆ ಹಾಕಿ, ಕಾಂಪೋಸ್ಟಿಗೆ ಬೇಡ. ಆ ಮಣ್ಣಿನಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಯಾವುದೂ ಬೇಡ. ಎಲ್ಲಾ ಒಂದೇ ಕುಟುಂಬದವು. ಕತ್ತರಿ, ಕೈ, ಕುಂಡ ಸೋಪು ಹಾಕಿ ತೊಳೆಯಿರಿ. ಕುಂಡದಿಂದ ಹರಿದ ನೀರು ಪಕ್ಕದ ಕುಂಡದ ತಳಕ್ಕೆ ಹೋಗದಂತೆ ನೋಡಿಕೊಳ್ಳಿ.

## ಎಲೆ ಮುದುಡಿದೆ

ಗಾಬರಿಯಾಗುವ ಮುಂಚೆ, ಯಾವ ಎಲೆ ಅಂತ ನೋಡಿ.

ಕೆಳಗಿನ ಹಳೆ ಎಲೆಗಳು ದೋಣಿಯ ಹಾಗೆ ಮೇಲಕ್ಕೆ ಸುರುಳಿಯಾಗಿವೆ, ಮುಟ್ಟಿದರೆ ದಪ್ಪ, ಗರಿಗರಿ, ಆದರೆ ಹಸಿರಾಗಿವೆ, ಮೇಲಿನ ಕುಡಿ ಚೆನ್ನಾಗಿ ಬೆಳೆಯುತ್ತಿದೆ. ಇದು ಬಿಸಿಲು, ನೀರಿನ ಏರುಪೇರು, ಅಥವಾ ಒಂದೇ ದಿನ ಜಾಸ್ತಿ ಕವಲು ಕಿತ್ತಿದ್ದರಿಂದ ಆಗುತ್ತದೆ. ಸುಮ್ನೆ ಬಿಡಿ. ಫಸಲಿಗೆ ತೊಂದರೆಯಿಲ್ಲ.

ತುದಿಯ ಎಳೆ ಎಲೆಗಳು ಚಿಕ್ಕದಾಗಿ, ಮೇಲಕ್ಕೆ ಮುದುಡಿ, ಅಂಚು ಹಳದಿಯಾಗಿ, ಗಿಡ ಕುಳ್ಳಾಗಿ ಪೊದೆಯಂತಾಗಿದ್ದರೆ ಅದು ಎಲೆ ಮುದುಡು ರೋಗ. ನಂಜಾಣುವಿನಿಂದ (ವೈರಸ್) ಬರುತ್ತದೆ. ಎಲೆಯ ಹಿಂದೆ ಕೂರುವ ಬಿಳಿ ನೊಣ ಅದನ್ನು ಹರಡುತ್ತದೆ. ಗಿಡವನ್ನು ಮೆಲ್ಲಗೆ ಅಲುಗಿಸಿ. ಅಕ್ಕಿ ನುಚ್ಚಿಗಿಂತ ಸಣ್ಣ ಬಿಳಿ ಹುಳು ಬೂದಿಯಂತೆ ಎದ್ದು ಮತ್ತೆ ಅಲ್ಲೇ ಕೂತರೆ ಅವೇ. ಈ ನಂಜಾಣುವಿನ ಒಂದು ಬಗೆಗೆ ವಿಜ್ಞಾನಿಗಳು ಬೆಂಗಳೂರಿನ ಹೆಸರನ್ನೇ ಇಟ್ಟಿದ್ದಾರೆ. ನಮ್ಮೂರಿಗೆ ಹೊಸ ಕಾಯಿಲೆಯಲ್ಲ ಇದು.

ಹತ್ತಿದ ಗಿಡ ಗುಣವಾಗುವುದಿಲ್ಲ. ಹೂ ಬಿಡುವ ಮುಂಚೆಯೇ ಬಂದಿದ್ದರೆ ಕಾಯಿ ಆಸೆ ಬಿಟ್ಟು ಅವತ್ತೇ ಕಿತ್ತುಹಾಕಿ. ಕೀಳುವ ಮುಂಚೆ ಗಿಡದ ಮೇಲೆ ಒಂದು ದೊಡ್ಡ ಕವರ್ ಇಳಿಸಿ ಬಾಯಿ ಕಟ್ಟಿ. ಇಲ್ಲದಿದ್ದರೆ ಎಳೆದಾಟಕ್ಕೆ ಎದ್ದ ನೊಣ ಪಕ್ಕದ ಗಿಡಕ್ಕೆ ಹಾರುತ್ತದೆ. ನಾನೇ ಒಂದು ಗಿಡವನ್ನು "ಇನ್ನೊಂದು ವಾರ ನೋಡೋಣ" ಅಂತ ಉಳಿಸಿಕೊಂಡೆ. ತಿಂಗಳಲ್ಲಿ ಐದು ಗಿಡಕ್ಕೆ ಹತ್ತಿತು. ಕಾಯಿ ತುಂಬಿದ ಮೇಲೆ ತುದಿಯಲ್ಲಿ ಮಾತ್ರ ಕಂಡಿದ್ದರೆ, ಮತ್ತು ಬೇರೆ ಟೊಮೆಟೊ ಗಿಡಗಳು ಇಲ್ಲದಿದ್ದರೆ, ಇರುವ ಕಾಯಿ ಹಣ್ಣಾಗಲು ಬಿಡಬಹುದು. ಅದರ ಹಣ್ಣು ತಿಂದರೆ ಮನುಷ್ಯರಿಗೆ ಏನೂ ಆಗಲ್ಲ.

ತಡೆಯುವುದು ಸಾಧ್ಯ. ಸಸಿಗಳನ್ನು ಒತ್ತಾದ ಕೀಟ ತಡೆ ಬಲೆಯೊಳಗೆ ಬೆಳೆಸಿ. ಸೊಳ್ಳೆ ಪರದೆಯ ಕಣ್ಣಿನಲ್ಲಿ ಬಿಳಿ ನೊಣ ನುಸುಳುತ್ತದೆ. ಗಿಡದ ಎತ್ತರಕ್ಕೆ ಹಳದಿ ಅಂಟು ಹಾಳೆ ಕಟ್ಟಿ. ಮುಂದಿನ ಸಲ ರೋಗ ತಾಳುವ ತಳಿ ಹಾಕಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ರಕ್ಷಕ್ ತಳಿ ಎಲೆ ಮುದುಡು, ದುಂಡಾಣು ಸೊರಗು, ಮುಂಚಿನ ಅಂಗಮಾರಿ (ಎಲೆಯಲ್ಲಿ ಉಂಗುರದ ಮಚ್ಚೆ ತರುವ ರೋಗ) ಈ ಮೂರನ್ನೂ ತಾಳಿಕೊಳ್ಳುತ್ತದೆ. ರೋಗ ಬರುವುದೇ ಇಲ್ಲ ಅಂತಲ್ಲ, ಬಂದರೂ ಗಿಡ ನಿಲ್ಲುತ್ತದೆ. ಅದು ಹೈಬ್ರಿಡ್ ಆದ್ದರಿಂದ ಅದರ ಹಣ್ಣಿನ ಬೀಜ ತೆಗೆದಿಟ್ಟು ಹಾಕಿದರೆ ಅದೇ ಗುಣ ಬರುವುದಿಲ್ಲ.

ಎಲೆಯ ಮೇಲೆ ಸೂಜಿ ಚುಚ್ಚಿದಂತೆ ಸಣ್ಣ ಹಳದಿ ಚುಕ್ಕೆ, ಹಿಂದೆ ತೆಳು ಜೇಡರ ಬಲೆ ಇದ್ದರೆ ನುಸಿ. ಒಣ ಬೇಸಿಗೆಯಲ್ಲಿ ಬರುತ್ತದೆ. ಪೈಪಿನಿಂದ ಎಲೆ ಹಿಂಭಾಗಕ್ಕೆ ಬೆಳಿಗ್ಗೆ ಹೊತ್ತು ಜೋರಾಗಿ ನೀರು ಹೊಡೆಯಿರಿ, ಮೂರು ದಿನಕ್ಕೊಮ್ಮೆ, ಎರಡು ವಾರ. ಅದರಲ್ಲೇ ಬಹಳಷ್ಟು ಹೋಗುತ್ತದೆ.

## ಎಲೆ ಹಳದಿಯಾಗಿದೆ

ಹಳೆ ಎಲೆಯಾ, ಹೊಸ ಎಲೆಯಾ? ಉತ್ತರ ಅಲ್ಲೇ ಇದೆ.

ಕೆಳಗಿನ ಎಲೆ ಪೂರ್ತಿ ತಿಳಿ ಹಳದಿಯಾಗಿ, ಒಂದೊಂದೇ ಮೇಲಕ್ಕೆ ಹೋಗುತ್ತಿದ್ದರೆ ಸಾರಜನಕ ಕಡಿಮೆ. ಕುಂಡದಲ್ಲಿ ಪ್ರತಿ ಸಲ ನೀರು ಹಾಕಿದಾಗಲೂ ಸತ್ವ ತೊಳೆದುಹೋಗುತ್ತದೆ. 15 ದಿನಕ್ಕೊಮ್ಮೆ ಎರಡು ಹಿಡಿ ಎರೆಹುಳು ಗೊಬ್ಬರ ಕೊಡಿ. ಬುಡದ ಒಂದೆರಡು ಎಲೆ ಮಾತ್ರ ಹಳದಿಯಾಗಿದ್ದರೆ ಅದು ವಯಸ್ಸು, ಕಿತ್ತುಹಾಕಿ.

ಹಳೆ ಎಲೆಯಲ್ಲಿ ನರ ಹಸಿರು, ಮಧ್ಯೆ ಹಳದಿ ಇದ್ದರೆ ಮೆಗ್ನೀಸಿಯಂ ಕೊರತೆ. ಕೋಕೋಪೀಟ್ ಜಾಸ್ತಿ ಇರುವ ಮಿಶ್ರಣದಲ್ಲಿ ಇದು ಸಾಮಾನ್ಯ. ಒಂದು ಲೀಟರ್ ನೀರಿಗೆ ಅರ್ಧ ಟೀ ಚಮಚ ಎಪ್ಸಮ್ ಉಪ್ಪು (ಮೆಗ್ನೀಸಿಯಂ ಸಲ್ಫೇಟ್) ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ. ಎರಡು ವಾರ ಬಿಟ್ಟು ಇನ್ನೊಮ್ಮೆ. ಅಡುಗೆ ಉಪ್ಪು ಬೇರೆ, ಎಪ್ಸಮ್ ಉಪ್ಪು ಬೇರೆ. ಅಡುಗೆ ಉಪ್ಪು ಹಾಕಿದರೆ ಗಿಡ ಸುಡುತ್ತದೆ.

ತುದಿಯ ಹೊಸ ಎಲೆಯಲ್ಲಿ ನರ ಹಸಿರು, ಉಳಿದದ್ದು ಹಳದಿ ಅಥವಾ ಬಿಳಿಚಿದ್ದರೆ ಕಬ್ಬಿಣ ಸಿಗುತ್ತಿಲ್ಲ. ಕುಂಡದ ಅಂಚಿನ ಬಿಳಿ ಪದರ ನೆನಪಿದೆಯಲ್ವಾ? ಗಡಸು ಬೋರ್‌ವೆಲ್ ನೀರು ದಿನವೂ ಬಿದ್ದು ಮಣ್ಣು ಕ್ಷಾರವಾಗುತ್ತದೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಹಿಡಿಯುವುದಿಲ್ಲ. ಮಳೆನೀರು ಹಿಡಿದಿಟ್ಟು ಹಾಕಿ, ಅಥವಾ ವಾರಕ್ಕೊಮ್ಮೆ ಕುಂಡದ ತಳದಿಂದ ಚೆನ್ನಾಗಿ ಹರಿಯುವಷ್ಟು ಕಾವೇರಿ ನೀರು ಕೊಟ್ಟು ತೊಳೆಯಿರಿ. ಅದಕ್ಕೂ ಸರಿಹೋಗದಿದ್ದರೆ ಕಬ್ಬಿಣವೂ ಸೇರಿರುವ ಲಘು ಪೋಷಕಾಂಶದ ಪುಡಿ ಸಿಂಪಡಿಸಿ. ಹೆಸರಘಟ್ಟದ ಸಂಸ್ಥೆ ತರಕಾರಿಗೆಂದೇ 'ಅರ್ಕ ವೆಜಿಟೇಬಲ್ ಸ್ಪೆಷಲ್' ಎಂಬ ಪುಡಿ ಮಾಡಿದೆ. ಪೊಟ್ಟಣದ ಮೇಲೆ ಬರೆದ ಅಳತೆ ಮೀರಬೇಡಿ.

ಎಲ್ಲಾ ಎಲೆ ಒಟ್ಟಿಗೆ ಹಳದಿಯಾದರೆ ಮತ್ತೆ ಬೆರಳು ಮಣ್ಣಿಗೆ. ನೀರು ನಿಂತಿರಬೇಕು.

## ಎಲೆಯಲ್ಲಿ ಕಲೆ, ಗೆರೆ

ಹಾವು ಹರಿದಂತೆ ಬಿಳಿ ಗೆರೆ ಇದ್ದರೆ ರಂಗೋಲಿ ಹುಳು. ಗೆರೆ ಬಿದ್ದ ಎಲೆ ಕಿತ್ತು ಚೀಲಕ್ಕೆ ಹಾಕಿ. ನಾಲ್ಕಾರು ಎಲೆಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಗೆರೆಯ ಬದಲು ಅಗಲವಾದ ಪೊರೆಯಂಥ ಮಚ್ಚೆ, ಒಳಗೆ ಹುಳದ ಕಪ್ಪು ಹಿಕ್ಕೆ, ಕುಡಿಯಲ್ಲೂ ಕಾಯಿಯ ತೊಟ್ಟಿನ ಹತ್ತಿರವೂ ಸೂಜಿ ತೂತು ಕಂಡರೆ ಅದು ದಕ್ಷಿಣ ಅಮೆರಿಕ ಮೂಲದ ಟೂಟಾ ಹುಳು, ನಮ್ಮ ದೇಶದಲ್ಲಿ 2014ರಲ್ಲಿ ಕಾಣಿಸಿಕೊಂಡಿತು. ಇದು ಬೇಗ ಹಬ್ಬುತ್ತದೆ. ಎಲೆ ಕಿತ್ತು ನಾಶ ಮಾಡಿ, ಅದರ ಪತಂಗವನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆ (ಫೆರೊಮೋನ್ ಟ್ರ್ಯಾಪ್) ಕೃಷಿ ಅಂಗಡಿಯಲ್ಲಿ ಕೇಳಿ.

ಕೆಳಗಿನ ಎಲೆಯಲ್ಲಿ ಕಂದು ಮಚ್ಚೆ, ಮಚ್ಚೆಯೊಳಗೆ ಒಂದರೊಳಗೊಂದು ಬಳೆ ಇಟ್ಟಂತೆ ಉಂಗುರ ಇದ್ದರೆ ಮುಂಚಿನ ಅಂಗಮಾರಿ. ಆ ಎಲೆ ತೆಗೆಯಿರಿ. ನೆಲದಿಂದ ಒಂದು ಅಡಿವರೆಗೆ ಎಲೆ ಇಲ್ಲದಂತೆ ಮಾಡಿ. ಮಣ್ಣಿನ ಮೇಲೆ ತರಗೆಲೆ ಹಾಸಿದರೆ ಮಳೆ ಹನಿ ಸಿಡಿದು ರೋಗ ಮೇಲೆ ಹತ್ತುವುದು ಕಡಿಮೆಯಾಗುತ್ತದೆ. ಸಂಜೆ ಹೊತ್ತು ಗಿಡದ ತಲೆ ಮೇಲೆ ನೀರು ಹಾಕುವ ಅಭ್ಯಾಸ ಬಿಡಿ.

ನಾಲ್ಕು ದಿನ ಬಿಡದೆ ಮೋಡ, ತುಂತುರು, ಚಳಿ ಇದ್ದಾಗ ಎಲೆಯಲ್ಲಿ ಬಿಸಿನೀರು ಬಿದ್ದಂಥ ಕಪ್ಪು ಹಸಿರು ಮಚ್ಚೆ ಎದ್ದು, ಬೆಳಿಗ್ಗೆ ಎಲೆ ಹಿಂದೆ ಬಿಳಿ ಬೂಜು ಕಂಡರೆ ಅದು ತಡ ಅಂಗಮಾರಿ. ಇಲ್ಲಿ ಕಾಯಲು ಸಮಯವಿಲ್ಲ. ಮೂರು ನಾಲ್ಕು ದಿನದಲ್ಲಿ ಇಡೀ ಗಿಡ ಸುಟ್ಟಂತಾಗುತ್ತದೆ. ಮಚ್ಚೆ ಬಿದ್ದ ಭಾಗವನ್ನೆಲ್ಲ ಅವತ್ತೇ ಕತ್ತರಿಸಿ. ಉಳಿದ ಗಿಡಗಳಿಗೆ ತಾಮ್ರದ ಶಿಲೀಂಧ್ರನಾಶಕ ಸಿಂಪಡಿಸಬಹುದು. ಅದು ರೋಗ ಬಾರದಂತೆ ಕಾಯುತ್ತದೆ, ಬಂದದ್ದನ್ನು ಗುಣಮಾಡುವುದಿಲ್ಲ.

## ಹೂ ಉದುರುತ್ತಿದೆ, ಕಾಯಿ ಕಟ್ಟುತ್ತಿಲ್ಲ

ಕ್ಯಾಲೆಂಡರ್ ನೋಡಿ. ಹಗಲು 35 ಡಿಗ್ರಿ ಹತ್ತಿರ ಹೋದರೆ, ರಾತ್ರಿಯೂ ಸೆಖೆ ಇದ್ದರೆ, ಟೊಮೆಟೊ ಪರಾಗ ಕೆಲಸ ಮಾಡುವುದಿಲ್ಲ. ಏಪ್ರಿಲ್‌ನಲ್ಲಿ ಹೂ ತೊಟ್ಟು ಹಳದಿಯಾಗಿ ಉದುರುವುದಕ್ಕೆ ಇದೇ ಕಾರಣ. ಮಧ್ಯಾಹ್ನ ನೆರಳು ಕೊಡಿ, ಮಳೆ ಬಂದು ತಂಪಾಗುವವರೆಗೆ ಗಿಡ ಬದುಕಿಸಿಕೊಳ್ಳಿ. ಜೂನ್‌ನಲ್ಲಿ ಮತ್ತೆ ಕಾಯಿ ಕಚ್ಚುತ್ತದೆ.

ಹವೆ ತಂಪಾಗಿದ್ದೂ ಕಾಯಿ ಕಟ್ಟದಿದ್ದರೆ ಗಾಳಿ, ದುಂಬಿ ಸಾಲುತ್ತಿಲ್ಲ. ಟೊಮೆಟೊ ಹೂವಿಗೆ ತನ್ನದೇ ಪರಾಗ ಸಾಕು, ಆದರೆ ಹೂ ಅಲುಗಬೇಕು. ಜೇನುನೊಣಕ್ಕೆ ಹಾಗೆ ಅಲುಗಿಸಲು ಬರುವುದಿಲ್ಲ. ಗುಂಯ್ ಅಂತ ಬರುವ ಕಪ್ಪು ಭ್ರಮರ, ನೀಲಿ ಪಟ್ಟೆಯ ಸಣ್ಣ ದುಂಬಿ ಹೂವನ್ನು ಅಪ್ಪಿ ನಡುಗಿಸುತ್ತವೆ. ನಾಲ್ಕನೇ ಮಹಡಿಗೆ ಅವು ಬರದಿದ್ದರೆ ಆ ಕೆಲಸ ನಿಮ್ಮದು. ಬೆಳಿಗ್ಗೆ 10ರಿಂದ 12ರೊಳಗೆ ಹೂಗೊಂಚಲಿನ ತೊಟ್ಟಿಗೆ ಬೆರಳಿಂದ ಮೆಲ್ಲಗೆ ನಾಲ್ಕು ಸಲ ತಟ್ಟಿ. ಅಂಗೈ ಕೆಳಗೆ ಹಿಡಿದರೆ ಹಳದಿ ಹುಡಿ ಉದುರುವುದು ಕಾಣುತ್ತದೆ.

ಗಿಡ ಕಡು ಹಸಿರು, ಎದೆಯೆತ್ತರ, ಹೂವೇ ಇಲ್ಲ ಅಂದರೆ ಗೊಬ್ಬರ ಜಾಸ್ತಿಯಾಗಿದೆ ಅಥವಾ ಬಿಸಿಲು ಕಡಿಮೆ. ಸಗಣಿ ಗೊಬ್ಬರ, ಯೂರಿಯಾ ನಿಲ್ಲಿಸಿ.

## ಕಾಯಿಯ ತಳ ಕಪ್ಪಾಗಿದೆ, ಬಿರುಕು, ತೂತು

ಕಾಯಿಯ ತೊಟ್ಟಿಗೆ ಎದುರಿನ ತುದಿ ಕಪ್ಪಗೆ, ಚಪ್ಪಟೆಯಾಗಿ, ಚರ್ಮದಂತೆ ಒಣಗಿದ್ದರೆ ಅದು ಹರಡುವ ರೋಗ ಅಲ್ಲ. ಕಾಯಿಗೆ ಕ್ಯಾಲ್ಸಿಯಂ ತಲುಪಿಲ್ಲ. ಮೊಟ್ಟೆ ಸಿಪ್ಪೆ ಹಾಕಿ ಅನ್ನುತ್ತಾರೆ. ಅದು ಕರಗಲು ತಿಂಗಳುಗಟ್ಟಲೆ ಬೇಕು, ಈ ಫಸಲಿಗೆ ಆಗಿಬರುವುದಿಲ್ಲ. ನಮ್ಮ ಗಡಸು ನೀರಿನಲ್ಲೇ ಕ್ಯಾಲ್ಸಿಯಂ ಇದೆ. ಕೊರತೆ ಇರುವುದು ಸಾಗಾಣಿಕೆಯಲ್ಲಿ. ಕ್ಯಾಲ್ಸಿಯಂ ನೀರಿನ ಜತೆಯೇ ಕಾಯಿಗೆ ಹೋಗಬೇಕು. ಮೂರು ದಿನ ಒಣಗಿಸಿ, ಭಾನುವಾರ ಎರಡು ಬಕೆಟ್ ಸುರಿದರೆ ಅದು ನಿಂತು ನಿಂತು ಹೋಗುತ್ತದೆ. ದಿನಾ ಒಂದೇ ಹೊತ್ತಿಗೆ, ಹೆಚ್ಚು ಕಡಿಮೆ ಒಂದೇ ಅಳತೆ ಹಾಕಿ. ಕೆಟ್ಟ ಕಾಯಿ ಕಿತ್ತುಹಾಕಿ. ಹತ್ತು ಹದಿನೈದು ದಿನದಲ್ಲಿ ಹೊಸ ಕಾಯಿ ಚೆನ್ನಾಗಿ ಬರುತ್ತದೆ. ಊರಿಗೆ ಹೋಗುವವರು ಪಕ್ಕದ ಮನೆಯವರಿಗೆ ಅಳತೆಯ ಮಗ್ ಕೊಟ್ಟು ಹೇಳಿ ಹೋಗಿ.

ತೊಟ್ಟಿನ ಸುತ್ತ ಬಿರುಕು ಬಿಟ್ಟಿದ್ದರೆ ಒಣಗಿದ ಮಣ್ಣಿಗೆ ದೊಡ್ಡ ಮಳೆ ಬಿದ್ದಿದೆ. ಮಳೆ ಮುನ್ಸೂಚನೆ ಇದ್ದರೆ ಬಣ್ಣ ತಿರುಗಿದ ಕಾಯಿ ಮುಂಚೆಯೇ ಕಿತ್ತು ಅಡುಗೆಮನೆಯಲ್ಲಿ ಹಣ್ಣಾಗಿಸಿ. ಬಿಸಿಲಿನ ಕಡೆಗೆ ಬಿಳಿ ಕಾಗದದಂಥ ಕಲೆ ಇದ್ದರೆ ಬಿಸಿಲಿಗೆ ಸುಟ್ಟಿದೆ, ಕಾಯಿ ಮೇಲಿನ ಎಲೆ ಕೀಳಬೇಡಿ.

ದುಂಡಗಿನ ತೂತು ಇದ್ದರೆ ಕಾಯಿಕೊರಕ. ಅರ್ಧ ಮೈ ಒಳಗೆ, ಅರ್ಧ ಹೊರಗೆ ಇರುವ ಹುಳು ಸಂಜೆ ಟಾರ್ಚ್ ಹಿಡಿದು ಹೋದರೆ ಸಿಗುತ್ತದೆ. ಕೈಯಲ್ಲೇ ತೆಗೆಯಿರಿ. ಹೊಲದಲ್ಲಿ 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡು ಹೂ ಹಾಕುತ್ತಾರೆ, ಪತಂಗ ಹೂವಿನ ಮೇಲೆ ಮೊಟ್ಟೆ ಇಡಲಿ ಅಂತ. ತಾರಸಿಗೆ ಎರಡು ಕುಂಡ ಸಾಕು. ಆ ಮೊಗ್ಗಿನಲ್ಲೂ ಹುಳು ಹುಡುಕಿ ತೆಗೆಯಬೇಕು.

## ಸಸಿ ಬುಡದಲ್ಲೇ ಮುರಿದು ಬೀಳುತ್ತಿದೆ

ಮಣ್ಣಿನ ಮಟ್ಟದಲ್ಲಿ ಕಾಂಡ ದಾರದಂತೆ ಸಣ್ಣಗಾಗಿದ್ದರೆ ಸಸಿ ಕೊಳೆ ರೋಗ. ಬಿದ್ದದ್ದು ಏಳುವುದಿಲ್ಲ. ಹೊಸ ಕೋಕೋಪೀಟ್‌ನಲ್ಲಿ ಬೀಜ ವಿರಳವಾಗಿ ಹಾಕಿ, ನೀರು ಕಡಿಮೆ ಮಾಡಿ, ಗಾಳಿ ಬಿಸಿಲು ಕೊಡಿ. ಸಸಿ ಬರೀ ಉದ್ದಕ್ಕೆ ಬೆಳೆದು ಬಾಗಿದ್ದರೆ ಬೆಳಕು ಸಾಲದು. ನಾಟಿ ಮಾಡುವಾಗ ಮೊದಲ ಎಲೆಗಳವರೆಗೆ ಹೂತುಬಿಡಿ. ಟೊಮೆಟೊ ಕಾಂಡವೇ ಬೇರು ಬಿಡುತ್ತದೆ.

## ಸಿಂಪಡಿಸಲೇಬೇಕು ಅನ್ನಿಸಿದಾಗ

ಮೊದಲು ನೀರಿನ ಹೊಡೆತ, ಆಮೇಲೆ ಬೇವಿನ ಎಣ್ಣೆ. ಒಂದು ಲೀಟರ್ ನೀರಿಗೆ 5 ಮಿಲಿ ಎಣ್ಣೆ, ಬೆರೆಯಲು ಕೆಲವು ಹನಿ ಮೆದು ಸೋಪು. ಸಂಜೆ ಮಾತ್ರ, ಎಲೆಯ ಹಿಂಭಾಗಕ್ಕೆ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಒಂದು ಎಲೆಗೆ ಹೊಡೆದು ಒಂದು ದಿನ ಬಿಟ್ಟು ನೋಡಿ ಮುಂದುವರಿಯಿರಿ.

ಅಂಗಡಿಯ ಕೀಟನಾಶಕದ ಡಬ್ಬಿ ಮೇಲೆ ಒಂದು ಚೌಕ ಇರುತ್ತದೆ. ಅದರೊಳಗೆ ಕೆಳ ಅರ್ಧದ ತ್ರಿಕೋನದ ಬಣ್ಣ ನೋಡಿ. ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಮಕ್ಕಳು ಆಡುವ, ಬಟ್ಟೆ ಒಣಹಾಕುವ ತಾರಸಿಗೆ ಕೆಂಪು, ಹಳದಿ ತರಲೇಬೇಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಯಾವುದನ್ನೇ ಹೊಡೆದರೂ ಕೈಗವಸು, ಮಾಸ್ಕ್ ಹಾಕಿ. ಗಾಳಿ ಇರುವಾಗ ಬೇಡ. ನೀರಿನ ಟ್ಯಾಂಕಿನ ಮುಚ್ಚಳ ಭದ್ರ ಮಾಡಿ. ಎಷ್ಟು ದಿನ ಬಿಟ್ಟು ಹಣ್ಣು ಕೀಳಬೇಕು ಅಂತ ಲೇಬಲ್ಲಿನಲ್ಲಿ ಬರೆದಿರುತ್ತದೆ, ಅಷ್ಟು ದಿನ ಮುಟ್ಟಬೇಡಿ. ಉಳಿದ ಔಷಧಿಯನ್ನು ಜ್ಯೂಸ್ ಬಾಟಲಿಗೆ ಸುರಿದಿಡಬೇಡಿ. ಯಾರಾದರೂ ಕುಡಿದರೆ ನೀವಾಗಿ ವಾಂತಿ ಮಾಡಿಸಬೇಡಿ. 108ಕ್ಕೆ ಕರೆ ಮಾಡಿ, ಡಬ್ಬಿ ಸಮೇತ ಆಸ್ಪತ್ರೆಗೆ ಹೋಗಿ.

ಇನ್ನೆರಡು ಎಚ್ಚರಿಕೆ. ನೆನೆದ 20 ಲೀಟರಿನ ಕುಂಡ 25 ಕೆಜಿ ಮೀರಬಹುದು. ಪ್ಯಾರಾಪೆಟ್ ಗೋಡೆ ಮೇಲೆ ಎಂದೂ ಇಡಬೇಡಿ. ಮೇ ತಿಂಗಳ ಬಿರುಗಾಳಿಗೆ ಅದು ಕೆಳಗೆ ಹೋಗುವವರ ತಲೆ ಮೇಲೆ ಬಿದ್ದೀತು. ತಾರಸಿಯ ನಡುವೆ ರಾಶಿ ಹಾಕದೆ, ಕೆಳಗೆ ಗೋಡೆ, ತೊಲೆ ಇರುವ ಅಂಚಿಗೆ ಸಾಲಾಗಿಡಿ. ಕುಂಡದ ಕೆಳಗಿನ ತಟ್ಟೆಯ ನೀರನ್ನು ದಿನಾ ಚೆಲ್ಲಿ, ಡೆಂಗಿ ಸೊಳ್ಳೆ ಬೆಳೆಯಲು ಅಷ್ಟೇ ನೀರು ಸಾಕು.

## ಯಾವಾಗ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಲೋಟದ ಪರೀಕ್ಷೆಯಲ್ಲಿ ಹಾಲಿನ ಎಳೆ ಕಂಡರೆ, ಹೂವಿಗೆ ಮುಂಚೆ ತುದಿ ಮುದುಡಿದರೆ, ಬೇರಲ್ಲಿ ಗಂಟಿದ್ದರೆ ಪ್ರಯತ್ನ ನಿಲ್ಲಿಸಿ ಗಿಡ ತೆಗೆಯಿರಿ. ಒಂದೇ ವಾರದಲ್ಲಿ ಮೂರಕ್ಕಿಂತ ಹೆಚ್ಚು ಗಿಡಕ್ಕೆ ಒಂದೇ ಲಕ್ಷಣ ಬಂದು ಕಾರಣ ತಿಳಿಯದಿದ್ದರೆ, ಎರಡೆರಡು ಔಷಧಿ ಬೆರೆಸಿ ನೋಡುವ ಬದಲು ಕೇಳಿ. ಕಿಸಾನ್ ಕಾಲ್ ಸೆಂಟರ್ 1800 180 1551ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಗಾಂಧಿ ಕೃಷಿ ವಿಜ್ಞಾನ ಕೇಂದ್ರ (ಜಿಕೆವಿಕೆ) ಆವರಣದ ಕೃಷಿ ವಿಶ್ವವಿದ್ಯಾಲಯ, ಹೆಸರಘಟ್ಟದ ಸಂಸ್ಥೆ ಎರಡೂ ನಮ್ಮ ಊರಲ್ಲೇ ಇವೆ. ಹೋಗುವಾಗ ಬರೀ ಒಂದು ಎಲೆ ಒಯ್ಯಬೇಡಿ. ಇಡೀ ಗಿಡವನ್ನು ಬೇರು ಸಮೇತ ಕವರಿನಲ್ಲಿ ಸುತ್ತಿಕೊಂಡು ಹೋಗಿ. ಎಂದು ನಾಟಿ ಮಾಡಿದಿರಿ, ಯಾವ ನೀರು, ದಿನಕ್ಕೆ ಎಷ್ಟು ಮಗ್, ಇಲ್ಲಿಯವರೆಗೆ ಏನೇನು ಹೊಡೆದಿರಿ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅಲ್ಲಿ ಮೊದಲು ಕೇಳುವುದೂ ಅದನ್ನೇ.